ಬ್ರೇಕ್ ಮೇಷ್ಟ್ರು ಹಳೇ ಕಾರು ಓಡಿಸಿದ್ದು

ನಮ್ಮ ಮಾವನವರನ್ನು ಊರಿನಲ್ಲಿ ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. ಎಲ್ಲರಿಗೂ ಅವರು ಬ್ರೇಕ್ ಮೇಷ್ಟ್ರು. ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಕಲಿಸುವವರ ಕಾಲಿನ ಬಳಿಯೂ ಒಂದು ಬ್ರೇಕ್ ಇರುತ್ತದಲ್ಲ, ಅದರ ಮೇಲೆ ಕಾಲಿಟ್ಟುಕೊಂಡೇ ಆಯುಸ್ಸಿನ ಮುಕ್ಕಾಲು ಪಾಲು ಕಳೆದವರು. ಆ ಅಭ್ಯಾಸ ಎಷ್ಟು ಬೇರೂರಿದೆಯೆಂದರೆ, ಬಸ್ಸಿನಲ್ಲಿ ಕೂತರೂ ಅವರ ಬಲಗಾಲು ನೆಲ ತುಳಿಯುತ್ತಿರುತ್ತದೆ. ಟಿವಿಯಲ್ಲಿ ಕಾರೊಂದು ಜೋರಾಗಿ ತಿರುಗಿದರೆ ನಮ್ಮ ಸೋಫಾದ ಮುಂದಿನ ಚಾಪೆ ಮುದುಡಿಕೊಳ್ಳುತ್ತದೆ.

"ಹುಟ್ಟುಗುಣ ಸುಟ್ಟರೂ ಹೋಗಲ್ಲ," ಎಂದು ಅತ್ತೆ ಚಾಪೆ ಸರಿ ಮಾಡುತ್ತಾರೆ.

"ಹುಟ್ಟುಗುಣ ಅಲ್ಲ ಮಾರಾಯ್ತಿ, ಇದು ದುಡಿದು ಸಂಪಾದಿಸಿದ್ದು," ಎಂದು ಮಾವ ಕಾಲನ್ನು ಹಿಂದಕ್ಕೆ ಎಳೆದುಕೊಳ್ಳುತ್ತಾರೆ.

ಅವರು ಕಲಿಸುತ್ತಿದ್ದ ರೀತಿಯೇ ಬೇರೆ. ಮೊದಲ ವಾರ ಯಾರೂ ಚಪ್ಪಲಿ, ಬೂಟು ಹಾಕುವಂತಿರಲಿಲ್ಲ. ಬ್ಯಾಂಕ್ ಮ್ಯಾನೇಜರಾದರೂ ಸರಿ, ಹೊಸ ಮದುಮಗಳಾದರೂ ಸರಿ, ಬರಿಗಾಲಿನಲ್ಲೇ ಪೆಡಲ್ ತುಳಿಯಬೇಕಿತ್ತು. "ಕಣ್ಣು ರಸ್ತೆ ನೋಡ್ಬೇಕು, ಪೆಡಲ್ ನೋಡೋದು ಕಾಲಿನ ಕೆಲಸ. ಬೂಟು ಹಾಕಿದ್ರೆ ಕಾಲಿನ ಕಣ್ಣು ಕಟ್ಟಿದ ಹಾಗೆ," ಎನ್ನುತ್ತಿದ್ದರು. ನಾನೂ ಮದುವೆಯಾದ ಹೊಸತರಲ್ಲಿ ಅವರ ಪಕ್ಕದಲ್ಲಿ ಬರಿಗಾಲಿನಲ್ಲಿ ಕೂತು ಕಲಿತವಳೇ. ಕ್ಲಚ್ ಬಿಟ್ಟಾಗಲೆಲ್ಲ ಗಾಡಿ ಕಪ್ಪೆಯ ಹಾಗೆ ಕುಪ್ಪಳಿಸುತ್ತಿತ್ತು. ಸೊಸೆಯೆಂದು ರಿಯಾಯಿತಿಯೂ ಇರಲಿಲ್ಲ, ಬೈಗುಳವೂ ಇರಲಿಲ್ಲ. "ಮತ್ತೆ" ಎನ್ನುತ್ತಿದ್ದರು, ಅಷ್ಟೇ. ಮಾವನೆಂದರೆ ಹೆದರಬೇಕು ಎಂದು ತವರಿನಲ್ಲಿ ಹೇಳಿ ಕಳಿಸಿದ್ದೆಲ್ಲ ಆ ಒಂದು ವಾರದಲ್ಲಿ ಮರೆತೇ ಹೋಯಿತು.

ಆದರೆ ಕಲಿಯಲಾರದವರ ವಿಷಯದಲ್ಲಿ ಅವರದು ಖಡಾಖಂಡಿತ. "ನಿಮಗೆ ಗಾಡಿ ಬೇಡ. ಬೇರೆಯವರ ಪ್ರಾಣ ನಿಮ್ಮ ಹವ್ಯಾಸಕ್ಕಲ್ಲ," ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿಬಿಡುತ್ತಿದ್ದರು. ಒಬ್ಬ ವಕೀಲರಿಗೆ ಹೀಗೆ ಹೇಳಿದ ಮೇಲೆ ಅವರು ಬಹಳ ಕಾಲ ಮಾತು ಬಿಟ್ಟಿದ್ದರಂತೆ. ವಕೀಲರ ಹೆಂಡತಿ ಮಾತ್ರ ಗುಟ್ಟಾಗಿ ಬಂದು ಕೈಮುಗಿದು ಹೋದರಂತೆ.

ಇಂಥ ಮನುಷ್ಯನ ಕೈಯಿಂದ ಕಾರಿನ ಕೀ ತೆಗೆದುಕೊಳ್ಳುವ ಕೆಲಸ ನನ್ನ ಪಾಲಿಗೆ ಬಂತು.

ಹೋದ ಚಳಿಗಾಲದಿಂದ ಶುರುವಾಗಿತ್ತು. ಕಾರಿನ ಎಡಗಡೆಯ ಕನ್ನಡಿ ಗೇಟಿನ ಕಂಬಕ್ಕೆ ತಾಗಿ ಒಡೆಯಿತು. ಹೊಸದು ಹಾಕಿಸಿದರು, ಅದೂ ಒಡೆಯಿತು. "ಆ ಕಂಬ ಕಟ್ಟಿದವನಿಗೆ ಬುದ್ಧಿ ಇಲ್ಲ," ಎಂದರು ಮಾವ. ಆಮೇಲೆ ಪೇಪರ್ ಹಾಕುವವನ ಸೈಕಲ್ಲಿಗೆ ಬಂಪರ್ ತಾಗಿತು. ಸದ್ಯ, ಅವನು ಸೈಕಲ್ ನಿಲ್ಲಿಸಿ ಎದುರುಮನೆಗೆ ಹೋಗಿದ್ದ. "ಸೈಕಲ್ ನಿಲ್ಸೋ ಜಾಗವಾ ಅದು?" ಎಂದರು. ಕೊನೆಗೆ ನನ್ನ ಗಂಡ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಡಾಕ್ಟರು ನಿಧಾನವಾಗಿ ಬಿಡಿಸಿ ಹೇಳಿದರು: ಎದುರಿಗಿರುವುದು ಚೆನ್ನಾಗಿಯೇ ಕಾಣುತ್ತದೆ, ಪೇಪರು ಓದಬಹುದು, ಎಡಗಡೆಯ ಅಂಚಿನ ನೋಟ ಮಾತ್ರ ಸವೆದು ಹೋಗಿದೆ. ಹೋದದ್ದು ಹೋಗಿದೆಯೆಂದು ಅವರಿಗೇ ತಿಳಿಯುವುದಿಲ್ಲ, ಗಾಡಿ ಬೇಡ.

ಮನೆಗೆ ಬಂದ ಮಾವ ಚಹಾ ಕುಡಿಯುತ್ತಾ, "ಆ ಡಾಕ್ಟ್ರು ನನ್ನ ಹತ್ರಾನೇ ಕಲಿತಿದ್ದು. ಇವತ್ತಿಗೂ ರಿವರ್ಸ್ ನೆಟ್ಟಗೆ ಬರಲ್ಲ. ನನಗೆ ಹೇಳೋಕೆ ಬರ್ತಾರೆ," ಎಂದು ಮಾತು ಮುಗಿಸಿದರು. ಮರುದಿನ ಬೆಳಿಗ್ಗೆ ಎಂದಿನಂತೆ ಕಾರು ತೆಗೆದರು.

ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ನನ್ನ ಗಂಡ ಅಪ್ಪನ ಮುಂದೆ ನಿಂತರೆ ಈಗಲೂ ನಿಕ್ಕರ್ ಹಾಕಿದ ಹುಡುಗ. ಅತ್ತೆ, "ನಂಗೆ ಆ ಮುಖ ನೋಡಕ್ಕಾಗಲ್ಲ ಕಣೇ, ನೀನೇ ಹೇಳು, ನಿನ್ನ ಮಾತು ಕೇಳ್ತಾರೆ," ಎಂದರು. ನನ್ನ ಮಾತನ್ನು ಅವರು ಯಾವತ್ತು ಕೇಳಿದ್ದರೋ ದೇವರಿಗೇ ಗೊತ್ತು. ಆದರೂ ಒಪ್ಪಿಕೊಂಡೆ, ಏಕೆಂದರೆ ದಿನವೂ ಅವರು ಹೊರಗೆ ಹೋದಾಗ ಗೇಟಿನ ಸದ್ದಿಗೆ ಕಿವಿಯಿಟ್ಟು ಕೂರುವುದು ನನಗೂ ಸಾಕಾಗಿತ್ತು. ಒಂದು ದಿನ ಸೈಕಲ್ಲಿನ ಜಾಗದಲ್ಲಿ ಸೈಕಲ್ ಹಿಡಿದವನೇ ಇದ್ದರೆ?

ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಹಾಗಾಗಿ ಮನೆಯಲ್ಲಿ ಹೇಳುವುದು ಬೇಡ, ಅವರಿಗೆ ಸಂತೋಷವಾಗುವ ಜಾಗಕ್ಕೆ ಹೋಗಿ, ಮನಸ್ಸು ಹಗುರಾಗಿದ್ದಾಗ ಹೇಳೋಣ ಎಂದು ಲೆಕ್ಕ ಹಾಕಿದೆ. ಬಸ್ ನಿಲ್ದಾಣದ ಹಿಂದೆ, ಮೊದಲು ಮರದ ಮಿಲ್ಲಾಗಿದ್ದ ಕಟ್ಟಡದಲ್ಲಿ, ಹಳೆಯ ಕಾರು, ಮೋಟಾರ್‌ಸೈಕಲ್ಲುಗಳ ಒಂದು ಪುಟ್ಟ ಮ್ಯೂಸಿಯಂ ಇದೆ. ಅದನ್ನು ನೋಡಿಕೊಳ್ಳುವ ಹೆಂಗಸನ್ನು ಶಾಲೆಯ ಮಕ್ಕಳಿಂದ ಹಿಡಿದು ಎಲ್ಲರೂ ಗ್ರೀಸಕ್ಕ ಎನ್ನುತ್ತಾರೆ. ಅವರೂ ಮಾವನ ಶಿಷ್ಯೆಯೇ. ಈ ಊರಿನಲ್ಲಿ ಕಲ್ಲೆಸೆದರೆ ಮಾವನ ಶಿಷ್ಯರ ಮೇಲೇ ಬೀಳಬೇಕು. "ಭಾನುವಾರ ಬನ್ನಿ ಮೇಷ್ಟ್ರೇ, ಅವತ್ತು ಇಂಜಿನ್ ಸ್ಟಾರ್ಟ್ ಮಾಡ್ತೀನಿ," ಎಂದು ಅವರು ಎಷ್ಟೋ ಸಲ ಕರೆದಿದ್ದರು.

ಭಾನುವಾರ ಹೊರಟೆವು. ಓಡಿಸಿದ್ದು ಮಾವನೇ. ನಾನು ಪಕ್ಕದಲ್ಲಿ ಕೂತು ಎಡಗಡೆಯ ಕಿಟಕಿಯಲ್ಲೇ ಕಣ್ಣು ನೆಟ್ಟಿದ್ದೆ. ಒಬ್ಬಳು ತರಕಾರಿಯ ಚೀಲ ಹಿಡಿದು ಫುಟ್‌ಪಾತಿನಿಂದ ಇಳಿದಾಗ, "ಮಾವ, ಮಾವ!" ಎಂದೆ. "ಕಂಡಿದೆ ಕಣಮ್ಮ," ಎಂದರು. ಕಂಡಿರಲಿಲ್ಲ. ಆಕೆಯೇ ಹಿಂದಕ್ಕೆ ಹಾರಿದ್ದಳು.

ಮ್ಯೂಸಿಯಮ್ಮಿನ ಬಾಗಿಲು ದಾಟಿದ ಮೇಲೆ ನಾನು ಬಂದ ಕೆಲಸವನ್ನೇ ಮರೆತೆ. ಸುಳ್ಳು ಯಾಕೆ ಹೇಳಲಿ, ನನಗೆ ಗಾಡಿಗಳೆಂದರೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುವ ಸಾಧನ, ಅಷ್ಟೇ. ಆದರೆ ಆ ಎತ್ತರದ ಕಿಟಕಿಗಳಿಂದ ಬಿಸಿಲು ಇಳಿದು, ಹಿತ್ತಾಳೆಯ ದೀಪಗಳ ಮೇಲೆ, ಮರದ ಅರಗಳ ಚಕ್ರಗಳ ಮೇಲೆ, ಕನ್ನಡಿಯಂತೆ ಉಜ್ಜಿದ ಟ್ಯಾಂಕುಗಳ ಮೇಲೆ ಬಿದ್ದದ್ದನ್ನು ನೋಡಿ ಮೈ ಜುಮ್ಮೆಂದಿತು. ಎಣ್ಣೆ, ತೊಗಲು, ಹಳೆಯ ಮರ, ಎಲ್ಲ ಬೆರೆತ ಒಂದು ವಾಸನೆ. ಮಾತಾಡಿದರೂ ಮೆಲ್ಲಗೆ ಮಾತಾಡಬೇಕು ಎನ್ನಿಸುವಂಥ ಜಾಗ.

ಬಾಗಿಲಿಗೆ ಹತ್ತಿರ ಒಂದು ಮೋಟಾರ್‌ಸೈಕಲ್. ಅದಕ್ಕೆ ಸೈಕಲ್ಲಿನ ಹಾಗೆ ತುಳಿಯುವ ಪೆಡಲುಗಳಿದ್ದವು, ಚೈನಿನ ಬದಲು ತೊಗಲಿನ ಬೆಲ್ಟು. ಏರು ಬಂದರೆ ಇಂಜಿನ್ನಿಗೆ ದಮ್ಮು ಸಾಲದೆ ಸವಾರನೇ ತುಳಿಯಬೇಕಿತ್ತಂತೆ. ಅದರ ಪಕ್ಕದ್ದಕ್ಕೆ ಬೆತ್ತದಲ್ಲಿ ಹೆಣೆದ ಸೈಡ್‌ಕಾರು.

"ಇದರಲ್ಲಿ ಹೆಂಡತೀನ ಕೂರಿಸ್ಕೊಂಡು ಹೋಗ್ತಿದ್ರಾ? ಮಾರ್ಕೆಟ್ಟಿಂದ ಕುಂಬಳಕಾಯಿ ತಂದ ಹಾಗೆ?" ಎಂದು ಮಾವ ನಕ್ಕರು.

"ಹೆಂಡತೀರೂ ಖುಷಿಯಾಗೇ ಹೋಗ್ತಿದ್ರು ಮೇಷ್ಟ್ರೇ. ಗಂಡನ ಮಾತು ಆ ಸದ್ದಲ್ಲಿ ಕೇಳ್ತಾನೇ ಇರ್ಲಿಲ್ವಲ್ಲ," ಎಂದರು ಗ್ರೀಸಕ್ಕ. ನೀಲಿ ಮೇಲಂಗಿ, ಸೊಂಟಕ್ಕೆ ಸಿಕ್ಕಿಸಿದ ಒರೆಸುವ ಬಟ್ಟೆ, ನೆರೆತ ಕೂದಲಿನಲ್ಲಿ ಒಂದು ಕಡೆ ಗ್ರೀಸಿನ ಗುರುತು.

ಮುಂದೆ ಒಂದು ಗಾಡಿಯ ಬಳಿ ಮಾವ ನಿಂತೇಬಿಟ್ಟರು. ಮೂರು ಚಕ್ರ, ಎರಡು ಜನ ಕೂರುವ ಬೆಂಚು, ಮುಂದೆ ದೋಣಿಯ ಚುಕ್ಕಾಣಿಯಂಥ ಒಂದು ಕೋಲು.

"ಸ್ಟೀರಿಂಗ್ ಎಲ್ಲಿ?"

"ಇಲ್ಲ ಮೇಷ್ಟ್ರೇ. ಆ ಕೋಲೇ ಸ್ಟೀರಿಂಗು."

"ಕೋಲು!" ಮಾವ ಬಾಯಿ ಬಿಟ್ಟುಕೊಂಡು ನೋಡಿದರು. ಆ ಮುಖವನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಗಾಡಿಯ ವಿಷಯದಲ್ಲಿ ಎಲ್ಲ ತಿಳಿದವರ ಮುಖವೇ ನನಗೆ ಗೊತ್ತಿದ್ದದ್ದು. "ಅಂದ್ರೆ, ಗಾಡಿಗೆ ಚಕ್ರದ ಸ್ಟೀರಿಂಗೇ ಇರ್ಬೇಕು ಅಂತ ಆಗ ಯಾರಿಗೂ ಗೊತ್ತಿರ್ಲಿಲ್ಲ. ಯಾರೋ ಕೂತು ಯೋಚನೆ ಮಾಡಿದಾರಲ್ಲಮ್ಮಾ! ನಾನು ಇಷ್ಟು ವರ್ಷ ಇದೆಲ್ಲ ಭೂಮಿ ಹುಟ್ಟಿದಾಗಿಂದ ಹೀಗೇ ಇದೆ ಅನ್ನೋ ಹಾಗೆ ಪಾಠ ಹೇಳ್ಕೊಂಡು ಬಂದೆ."

"ಬನ್ನಿ, ಇನ್ನೊಂದು ತಮಾಷೆ ತೋರಿಸ್ತೀನಿ," ಎಂದು ಗ್ರೀಸಕ್ಕ ಹಿಂದಿನ ಅಂಗಳಕ್ಕೆ ಕರೆದುಕೊಂಡು ಹೋದರು.

ಅಲ್ಲಿ ನಿಂತಿತ್ತು ಒಂದು ಕಡು ಹಸಿರು ಕಾರು. ಮೇಲೆ ಮಡಿಸುವ ಬಟ್ಟೆಯ ಛಾವಣಿ, ಎರಡು ಕಡೆಗೂ ಹತ್ತಿ ಇಳಿಯಲು ಮರದ ಮೆಟ್ಟಿಲು. ಮ್ಯೂಸಿಯಮ್ಮಿನ ಕಾರುಗಳಲ್ಲಿ ಇನ್ನೂ ಓಡುವುದು ಅದೊಂದೇ. ಮಾವ ಒಳಗೆ ಬಗ್ಗಿ ಕೆಳಗಿನ ಪೆಡಲುಗಳನ್ನು ನೋಡಿದರು.

"ಎಡಗಡೆ ಕ್ಲಚ್ಚು. ಸರಿ. ಮಧ್ಯ ಬ್ರೇಕು..."

"ಅಲ್ಲ ಮೇಷ್ಟ್ರೇ. ಮಧ್ಯದ್ದು ಆಕ್ಸಿಲರೇಟರು. ಬ್ರೇಕು ಬಲಗಡೆ ಕೊನೇದು."

ಮಾವ ಮೇಲೆದ್ದು ಆಕೆಯ ಮುಖವನ್ನೇ ನೋಡಿದರು. ಆಮೇಲೆ ಮಕ್ಕಳ ಹಾಗೆ ಕೇಕೆ ಹಾಕಿ ನಕ್ಕರು. ನಾನೂ ನಕ್ಕೆ. ಯೋಚಿಸಿ ನೋಡಿ: ಗಾಬರಿಯಾದಾಗ ಯಾವ ಪೆಡಲ್ ತುಳಿಯಬೇಕೆಂದು ಊರಿಗೆ ಊರೇ ಇವರಿಂದ ಕಲಿತಿದೆ. ಈ ಕಾರಿನಲ್ಲಿ ಅದೇ ಪೆಡಲ್ ತುಳಿದರೆ ಗೋಡೆಗೆ ಹೋಗಿ ಗುದ್ದಬೇಕು.

ಗ್ರೀಸಕ್ಕ ಕಾರಿನ ಮುಂದೆ ಬಗ್ಗಿ ಕಬ್ಬಿಣದ ಹಿಡಿಕೆ ಸಿಕ್ಕಿಸಿದರು. ಹೆಬ್ಬೆರಳನ್ನು ಹಿಡಿಕೆಗೆ ಸುತ್ತದೆ ಉಳಿದ ಬೆರಳುಗಳ ಪಕ್ಕದಲ್ಲೇ ಇಟ್ಟುಕೊಂಡರು. ಇಂಜಿನ್ ತಿರುಗಿ ಒದ್ದರೆ ಹೆಬ್ಬೆರಳು ಮುರಿಯುತ್ತದಂತೆ. ಒಮ್ಮೆ ಎಳೆದರು, ಏನಿಲ್ಲ. ಇನ್ನೊಮ್ಮೆ ಎಳೆದರು, ಕೆಮ್ಮಿತು. ಮತ್ತೊಮ್ಮೆ ಎಳೆದಾಗ ಇಡೀ ಕಾರು ಒಂದು ಸಲ ನಡುಗಿ, ದಡ್ ದಡ್ ದಡ್ ಎಂದು ಉಸಿರಾಡತೊಡಗಿತು. ಆ ಕಾರನ್ನು ಕಟ್ಟಿದವರು, ಕೊಂಡವರು, ಮೊದಲ ಸಲ ಅದನ್ನು ಕಂಡು ಹೆದರಿ ಓಡಿದವರು, ಯಾರೂ ಇವತ್ತಿಲ್ಲ. ಅದು ಮಾತ್ರ ನಮ್ಮೆದುರಿಗೆ ನಿಂತು ಬೆಚ್ಚಗಾಗುತ್ತಿತ್ತು. ಮಾವ ಬಾನೆಟ್ಟಿನ ಮೇಲೆ ಅಂಗೈಯಿಟ್ಟು ಕಣ್ಣು ಮುಚ್ಚಿ ನಿಂತಿದ್ದರು.

"ಓಡಿಸ್ತೀರಾ ಮೇಷ್ಟ್ರೇ?" ಎಂದರು ಗ್ರೀಸಕ್ಕ.

ನಾನು ಆಗಲೇ ತಡೆಯಬೇಕಿತ್ತು. ಆದರೆ ಗೋಡೆ ಕಟ್ಟಿದ ಅಂಗಳ, ಜನರಿಲ್ಲ, ನಡೆಯುವ ವೇಗಕ್ಕಿಂತ ಸ್ವಲ್ಪವೇ ಜಾಸ್ತಿ ಹೋಗುವ ಗಾಡಿ, ಪಕ್ಕದಲ್ಲಿ ಗ್ರೀಸಕ್ಕ. ಇದೊಂದು ಕೊನೆಯ ಸಂತೋಷ ಆಗಲಿ, ಆಮೇಲೆ ಹೇಳಿದರಾಯಿತು ಎಂದುಕೊಂಡೆ.

ಮಾವ ಮೆಟ್ಟಿಲಿನ ಮೇಲೆ ಕೂತು ಬೂಟು ಬಿಚ್ಚಿದರು. ಕಾಲುಚೀಲವನ್ನು ಮಡಿಸಿ ಬೂಟಿನೊಳಗಿಟ್ಟರು. ಬರಿಗಾಲಿನಲ್ಲಿ ಹತ್ತಿ ಕೂತು, ಗ್ರೀಸಕ್ಕನ ಕಡೆ ತಿರುಗಿ, "ಹೇಳಮ್ಮಾ, ಈಗ ನೀನೇ ಮೇಷ್ಟ್ರು," ಎಂದರು. ಆಕೆಗೆ ನಾಚಿಕೆಯಾಯಿತು. ಆದರೂ ಕಲಿಸಿದರು. ಮಾವ ಕಲಿತರು. ಗಾಡಿ ನಿಂತಲ್ಲೇ ಇರುವಾಗ ಕಾಲನ್ನು ಒಂದೊಂದು ಪೆಡಲಿನ ಮೇಲೂ ಇಟ್ಟು ತೆಗೆದು, ಇಟ್ಟು ತೆಗೆದು, "ಮತ್ತೆ... ಮತ್ತೆ..." ಎಂದು ತಮಗೆ ತಾವೇ ಹೇಳಿಕೊಳ್ಳುತ್ತಿದ್ದರು. ಈ ವಯಸ್ಸಿನಲ್ಲಿ, ಗೊತ್ತಿದ್ದದ್ದನ್ನೆಲ್ಲ ಪಕ್ಕಕ್ಕಿಟ್ಟು ಹೊಸಬರಾಗಿ ಕೂತ ಆ ಮನುಷ್ಯನನ್ನು ನೋಡಿದಾಗ, ಒಳಗಿನ ಅಷ್ಟೂ ಗಾಡಿಗಳಿಗಿಂತ ಇವರೇ ದೊಡ್ಡ ಅಚ್ಚರಿ ಅನ್ನಿಸಿತು.

ಅಂಗಳದ ನಡುವೆ ಮೊಣಕಾಲೆತ್ತರದ ಹೂವಿನ ಪಾತಿ ಇತ್ತು. ಅದನ್ನು ಎಡಕ್ಕೆ ಬಿಟ್ಟುಕೊಂಡು ಸುತ್ತು ಬರಬೇಕು. ಮೊದಲ ಸುತ್ತಿನಲ್ಲಿ ಕಾರು ಒಂದು ಸಲವೂ ಕುಪ್ಪಳಿಸಲಿಲ್ಲ. ನಾನು ಬಲಗಡೆ ಗೋಡೆಗೆ ಒರಗಿ ನಿಂತಿದ್ದೆ. ಮುಂದೆ ಹಾದು ಹೋಗುವಾಗ ನನ್ನತ್ತ ಕೈಯೆತ್ತಿ, ದೊರೆಗಳ ಹಾಗೆ ಬೀಸಿದರು. ಎರಡನೆಯ ಸುತ್ತಿನಲ್ಲೂ ಹಾಗೇ. ಅತ್ತೆಗೆ ತೋರಿಸಲು ಒಂದು ಫೋಟೋ ಬೇಕೆನ್ನಿಸಿತು. ಮುಖದ ಮೇಲೆ ಬಿಸಿಲು ಬೀಳಲೆಂದು ನಾನು ಕಾರಿನ ದಾರಿ ದಾಟಿ, ಪಾತಿಯ ಮೂಲೆಯಲ್ಲಿ ಮೊಬೈಲ್ ಹಿಡಿದು ನಿಂತೆ.

ಕಾರು ತಿರುವು ತೆಗೆದುಕೊಂಡಿತು. ಫೋಟೋದ ಚೌಕಟ್ಟಿನೊಳಗೆ ಮಾವನ ಮುಖ ಚೆನ್ನಾಗಿ ಬಂತು. ನಗುತ್ತಿದ್ದರು. ಕಾರು ಮೂಲೆಗೆ ತೀರ ಹತ್ತಿರ ಬಂತು, ಇನ್ನೂ ಹತ್ತಿರ ಬಂತು. ನಿಧಾನ ಮಾಡುತ್ತಾರೆ ಎಂದುಕೊಂಡೆ. ಇಂಜಿನ್ನಿನ ಸದ್ದು ಏರಿತು.

ಓಡಬೇಕೆಂದು ನನಗೆ ಹೊಳೆಯಲೇ ಇಲ್ಲ. ನಿಂತಲ್ಲೇ ಬಲಗಾಲಿನಿಂದ ನೆಲವನ್ನು ಜೋರಾಗಿ ತುಳಿದೆ. ಗ್ರೀಸಕ್ಕ "ಮೇಷ್ಟ್ರೇ!" ಎಂದು ಕೂಗಿ ಎರಡೂ ಕೈಯಲ್ಲಿ ಹ್ಯಾಂಡ್‌ಬ್ರೇಕ್ ಎಳೆದರು. ಹಿಂದಿನ ಚಕ್ರಗಳು ಮಣ್ಣು ಕೆರೆದವು, ಕಾರು ಮುಗ್ಗರಿಸಿ ನಿಂತಿತು. ಹಿತ್ತಾಳೆಯ ದೀಪ ನನ್ನ ಹೊಟ್ಟೆಯಿಂದ ಗೇಣು ದೂರದಲ್ಲಿತ್ತು. ಅದರಲ್ಲಿ ನನ್ನದೇ ಮುಖ ಅಗಲವಾಗಿ ಕಾಣುತ್ತಿತ್ತು.

ಇಂಜಿನ್ ಆರಿತು. ಗ್ರೀಸಕ್ಕ ಕೆಳಗೆ ಹಾರಿ ಬಂದು ನನ್ನ ತೋಳು ಹಿಡಿದುಕೊಂಡರು. "ಏನಾಗಿಲ್ಲ ತಾನೇ? ಅಯ್ಯೋ, ತಪ್ಪು ನಂದು. ಆ ಹಾಳು ಮಧ್ಯದ ಪೆಡಲು. ಇಲ್ಲಿ ಓಡಿಸಿದ ಪ್ರತಿಯೊಬ್ಬರೂ ಬ್ರೇಕು ಅಂತ ಅದನ್ನೇ ತುಳೀತಾರೆ. ಮೇಷ್ಟ್ರಾದ್ರೇನು, ಅಭ್ಯಾಸ ಬಿಡತ್ತಾ?"

"ಹೌದು, ಪೆಡಲೇ," ಎಂದೆ ನಾನು. ನನ್ನ ಧ್ವನಿ ನನಗೇ ಬೇರೆಯವರದ್ದೆನ್ನಿಸಿತು. "ಪೆಡಲ್ ತಪ್ಪಿದ್ದು, ಅಲ್ವಾ ಮಾವ?"

ಮಾವ ಸ್ಟೀರಿಂಗ್ ಹಿಡಿದೇ ಕೂತಿದ್ದರು. ಮುಖ ಬಿಳಿಚಿಕೊಂಡಿತ್ತು.

ಗ್ರೀಸಕ್ಕ ನೀರು ತರಲು ಒಳಗೆ ಹೋದರು. ನಾವಿಬ್ಬರೂ ಗೋಡೆಯ ಪಕ್ಕದ ಬೆಂಚಿನ ಮೇಲೆ ಕೂತೆವು. ಮಾವನ ಬರಿಗಾಲಿಗೆ ಮಣ್ಣು ಮೆತ್ತಿತ್ತು. ಅವರು ಅದನ್ನು ಒರೆಸಿಕೊಳ್ಳಲೂ ಇಲ್ಲ, ಬೂಟಿಗೆ ಕೈ ಹಾಕಲೂ ಇಲ್ಲ.

"ಕಾಲು ತಪ್ಪಲಿಲ್ಲ ಕಣಮ್ಮ," ಎಂದರು.

ನಾನು ಅವರತ್ತ ತಿರುಗಿದೆ.

"ಕಾಲು ಎಲ್ಲಿರ್ಬೇಕೋ ಅಲ್ಲೇ ಇತ್ತು. ಮಧ್ಯದ್ದು ಆಕ್ಸಿಲರೇಟರ್ ಅಂತ ಗೊತ್ತಿದ್ದೇ ತುಳಿದೆ. ತಿರುವು ಮುಗೀತು, ಮುಂದೆ ದಾರಿ ಖಾಲಿ ಇದೆ, ಸ್ವಲ್ಪ ಜೋರಾಗಿ ಬಿಡೋಣ ಅಂತ ತುಳಿದೆ." ಅವರು ನನ್ನ ಕಡೆ ಪೂರ್ತಿ ತಿರುಗಿ ಕೂತರು. ನನ್ನನ್ನು ನೋಡಲು ಅಷ್ಟು ತಿರುಗಬೇಕು ಎಂದು ಆಗ ನನಗೆ ಅರ್ಥವಾಯಿತು. ನಾನು ಅವರ ಎಡಗಡೆ ಕೂತಿದ್ದೆ. "ಇಷ್ಟು ಹಳದಿ ಬಟ್ಟೆ ಹಾಕ್ಕೊಂಡಿದೀಯ. ನೀನು ಅಲ್ಲಿರ್ಲೇ ಇಲ್ಲ ನನಗೆ. ಹೂವಿತ್ತು, ಗೋಡೆ ಇತ್ತು. ನೀನಿರ್ಲಿಲ್ಲ."

ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತುಗಳು ಇನ್ನು ಬೇಕಿರಲಿಲ್ಲ. ಅವರ ಕೈ ಹಿಡಿದುಕೊಂಡೆ. ಅದುವರೆಗೆ ಎಂದೂ ಹಿಡಿದಿರಲಿಲ್ಲ. ಗೆದ್ದೆ ಎನ್ನಿಸಲಿಲ್ಲ, ಅಳು ಬಂತು.

"ಡಾಕ್ಟ್ರು ಹೇಳಿದ್ದು ಸರಿ," ಎಂದರು. "ರಿವರ್ಸ್ ಬರ್ದೇ ಇದ್ರೂ, ಇದು ಸರಿಯಾಗೇ ಹೇಳಿದಾರೆ."

ಗ್ರೀಸಕ್ಕ ನೀರು ತಂದರು. ಮಾವ ಲೋಟ ತೆಗೆದುಕೊಳ್ಳದೆ ಎದ್ದು ನಿಂತರು. ಪೆಡಲಿನ ನೆಪ ಅಲ್ಲೇ ಸಿದ್ಧವಾಗಿತ್ತು. ಆಕೆ ನಂಬಿದ್ದರು, ಊರಿಗೆಲ್ಲ ಹಾಗೆಯೇ ಹೇಳುತ್ತಿದ್ದರು, ಯಾರೂ ನಗುತ್ತಿರಲಿಲ್ಲ. ನಾನಾಗಿದ್ದರೆ ಅದನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತಿದ್ದೆ.

"ನೋಡಮ್ಮಾ, ನಿನ್ನ ಕಾರಿನದು ಏನೂ ತಪ್ಪಿಲ್ಲ," ಎಂದರು ಅವರು. "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಪೆಡಲ್ ಸರಿ ಇದೆ. ನೀನು ಕಲಿಸಿದ್ದೂ ಸರಿ ಇತ್ತು. ನನಗೆ ಎಡಗಡೆ ಇರೋದು ಕಾಣಲ್ಲ. ಕಾಣಲ್ಲ ಅಂತ ಗೊತ್ತಿದ್ದವರು ಹೇಳಿದ್ರೂ ನಾನು ಕೇಳ್ಲಿಲ್ಲ. ಇಷ್ಟು ಕಾಲ ಬದುಕಿರೋ ಗಾಡಿ, ಪಾಪ, ಅದರ ಮೇಲೆ ಸುಳ್ಳು ಅಪವಾದ ಬೇಡ."

ಗ್ರೀಸಕ್ಕನ ಕಣ್ಣು ತುಂಬಿತು. ಬಗ್ಗಿ ಮೇಷ್ಟ್ರ ಬೂಟುಗಳನ್ನು ತಂದು ಕಾಲಿನ ಬಳಿ ಇಟ್ಟರು. ಮಾವ ಹೊರಡುವ ಮೊದಲು ಇನ್ನೊಂದು ಸಲ ಆ ಹಸಿರು ಕಾರಿನ ಬಾನೆಟ್ಟನ್ನು ಸವರಿದರು. "ಚೆನ್ನಾಗಿ ಇಟ್ಕೊಂಡಿದೀಯ," ಎಂದರು.

ಹೊರಗೆ ನಮ್ಮ ಕಾರಿನ ಹತ್ತಿರ ಬಂದಾಗ ಅವರ ಕಾಲು ತಾನಾಗಿ ಡ್ರೈವರ್ ಕಡೆಯ ಬಾಗಿಲಿಗೆ ಹೋಯಿತು. ಅಲ್ಲಿ ಸ್ವಲ್ಪ ಹೊತ್ತು ನಿಂತರು. ಆಮೇಲೆ ಜೇಬಿನಿಂದ ಕೀ ತೆಗೆದು, ನನ್ನ ಅಂಗೈಯಲ್ಲಿಟ್ಟು, ಕಾರಿನ ಮುಂದಿನಿಂದ ಸುತ್ತಿ ಆಚೆಯ ಬಾಗಿಲಿಗೆ ಹೋದರು. ನಾನು ಸೀಟನ್ನು ಮುಂದಕ್ಕೆ ಎಳೆದುಕೊಂಡೆ. ಕನ್ನಡಿ ಸರಿ ಮಾಡಿಕೊಂಡೆ. ನಾನು ಏನೂ ತಪ್ಪು ಮಾಡದಿದ್ದರೂ ಅವರು ಏನಾದರೂ ಹೇಳುತ್ತಾರೆ ಎಂದು ಕಾದೆ.

ಬಸ್ ನಿಲ್ದಾಣ ದಾಟಿದ ಮೇಲೆ, "ಎಡಗಡೆ ಏನೇನಿದೆ, ಹೇಳ್ತಾ ಹೋಗು," ಎಂದರು.

ಹೇಳುತ್ತಾ ಹೋದೆ. ಕ್ಷೌರದಂಗಡಿ. ಬೀಗ ಹಾಕಿದ ಪ್ರೆಸ್ಸು. ಅದರ ಜಗುಲಿಯಲ್ಲಿ ಮಲಗಿದ ನಾಯಿ. ಔಷಧಿ ಅಂಗಡಿ.

"ಔಷಧಿ ಅಂಗಡಿನಾ? ಯಾವಾಗ ಬಂತು?"

"ಹೋದ ವರ್ಷ ಬಂತು ಮಾವ."

ಆ ರಸ್ತೆಯಲ್ಲಿ ಅವರು ದಿನವೂ ಹೋಗಿ ಬರುತ್ತಿದ್ದರು. "ಹೂಂ, ಮುಂದೆ ಹೇಳು," ಎಂದರು ಆಮೇಲೆ.

ಪಾರ್ಕಿನ ಗೇಟಿನ ಬಳಿ ಬಂದಾಗ ನಾನು ಕಾರು ನಿಲ್ಲಿಸಿದೆ.

"ಏನಾಯ್ತು?"

"ಎಡಗಡೆ ಮಕ್ಕಳು ಮಾವ. ರಸ್ತೆ ದಾಟ್ತಿದಾರೆ."

ಅವರು ತಿರುಗಿ ನೋಡಲು ಪ್ರಯತ್ನಿಸಲಿಲ್ಲ. ಎರಡೂ ಕೈಗಳನ್ನು ಮೊಣಕಾಲಿನ ಮೇಲಿಟ್ಟು ಎದುರಿಗೆ ನೋಡುತ್ತಾ ಕೂತಿದ್ದರು. ಮಕ್ಕಳು ಒಬ್ಬರನ್ನೊಬ್ಬರು ತಳ್ಳುತ್ತಾ, ಕಿರುಚುತ್ತಾ ಕಾರಿನ ಮುಂದೆ ಹಾದು ಹೋದರು.

"ದಾಟಿದ್ರಾ?"

"ದಾಟಿದ್ರು ಮಾವ."

"ಎಲ್ರೂ?"

ನಾನು ಇನ್ನೊಂದು ಸಲ ಎಡಗಡೆ ನೋಡಿದೆ.

"ಎಲ್ರೂ," ಎಂದೆ.